ಮಾವನವರ ಫಿಯಾಟು, ಅದರ ಎಣ್ಣಿ, ಅದರ ಪ್ಲಗ್ಗು

ಎದುರುಮನಿ ವೈನಿ ಕೇಳಿದ್ರು, "ಹಪ್ಪಳ, ಸಂಡಿಗಿ ಆತು, ಈ ಸಲ ಏನು ಬರೀತೀರಿ?" ಗಾಡಿಗೆ ಹಾಕೋ ಎಣ್ಣಿ ಬಗ್ಗೆ ಅಂದೆ. ನಕ್ಕೇ ಬಿಟ್ರು. ನಗ್ರಿ, ಆದ್ರ ಓದಿ ನಗ್ರಿ.

ನಮ್ಮ ಮನ್ಯಾಗ 1984ನೇ ಇಸವಿದು ಪ್ರೀಮಿಯರ್ ಪದ್ಮಿನಿ ಅದ. ಓಣ್ಯಾಗ ಎಲ್ಲಾರೂ ಫಿಯಾಟ್ ಅಂತಾರ, ಅದೇನೂ ತಪ್ಪಲ್ಲ. ಇಟಲಿಯ ಫಿಯಾಟ್ 1100 ಗಾಡೀನ ಮುಂಬಯಿ ಕುರ್ಲಾದಾಗ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರು ಮಾಡತಿದ್ರು. ಎಪ್ಪತ್ತರ ದಶಕದಾಗ ಅದಕ್ಕ ಪದ್ಮಿನಿ ಅಂತ ಹೆಸರಿಟ್ರು. 1089 ಸಿಸಿ ಎಂಜಿನ್, ನಾಕು ಸಿಲಿಂಡರ್, ನಾಕು ಪ್ಲಗ್ಗು. ನಮ್ಮ ಮಾವನವರು ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದದ್ದು.

ಹೋದ ವರ್ಷ ಅತ್ತಿಯವರ ಕಣ್ಣಿನ ಆಪರೇಶನ್ ಇತ್ತು. ಹಿಂದಿನ ವಾರಾನ ಮಗ ಗಾಡೀನ ಒಂದು ಹೊಸಾ ಗ್ಯಾರೇಜಿಗೆ ಒಯ್ದು ಎಣ್ಣಿ ಬದಲಿ ಮಾಡಿಸಿದ್ದ. "ಭಾಳ ತುಟ್ಟಿ ಎಣ್ಣಿ ಹಾಕ್ಯಾರವ್ವಾ, ಛೊಲೋದಿರತದ" ಅಂದ. ಧಾರವಾಡ ಬಿಟ್ಟು ಉಣಕಲ್ ಹತ್ರ ಸಿಗ್ನಲ್ಲಿಗೆ ನಿಂತಾಗ ಅತ್ತಿಯವರು, "ಅಲ್ಲೇನೋ ಕೆಂಪಗ ಕಾಣಸ್ತದಲ್ಲ? ನಿಮ್ಮ ಮಾವ ಆ ದೀಪ ಹತ್ತಿದ ಕೂಡ್ಲೆ ಗಾಡಿ ಬಂದ್ ಮಾಡತಿದ್ರು" ಅಂದ್ರು. ಪೊರೆ ಬಂದ ಕಣ್ಣಿಗೆ ಕಂಡದ್ದು ನಮ್ಮಿಬ್ಬರಿಗೂ ಕಂಡಿರಲಿಲ್ಲ! ಅದು ಎಣ್ಣಿ ಪ್ರೆಶರ್ ದೀಪ. ಗಾಡಿ ಬಾಜೂಕ ನಿಲ್ಲಿಸಿ, ಆಟೊ ಹಿಡದು ಆಸ್ಪತ್ರೆಗೆ ಹೋದ್ವಿ.

ರಾತ್ರಿ ಮಾವನವರ ಡೈರಿ ತಗದು ನೋಡಿದೆ. ಎಣ್ಣಿ ಬದಲಿ ಮಾಡಿದಾಗೊಮ್ಮೆ ತಾರೀಖು, ಕಿಲೊಮೀಟರ್, ಎಣ್ಣಿ ನಂಬರ್ ಎಲ್ಲಾ ಬರದಿಟ್ಟಿದ್ರು. ಮೊದಲಿನ ವರ್ಷಗಳಾಗ "ಎಸ್‌ಎಇ 40", ಆಮ್ಯಾಲೆ "20ಡಬ್ಲ್ಯೂ-50".

ಈ ನಂಬರಿನ ಕಥಿ ಹಳೇದು. ಅಮೆರಿಕದ ಗಾಡಿ ಎಂಜಿನಿಯರರ ಸಂಘ, ಅಂದ್ರ ಎಸ್‌ಎಇ, 1911ರಾಗ ಎಣ್ಣಿಗೆ ನಂಬರ್ ಹಚ್ಚಲಿಕ್ಕೆ ಸುರು ಮಾಡ್ತು. ಬೆಲ್ಲದ ಪಾಕ ನೆನಸ್ಕೋರಿ: ಬಿಸಿ ಇದ್ದಾಗ ತೆಳ್ಳಗ, ಆರಿದ್ರ ಗಟ್ಟಿ. ಎಣ್ಣಿನೂ ಹಂಗ. ನಂಬರ್ ದೊಡ್ಡದಾದಷ್ಟು ಎಣ್ಣಿ ದಪ್ಪ. ಹಿಂದಕ ಒಂದ ನಂಬರಿನ ಎಣ್ಣಿ ಇರತಿತ್ತು, ಚಳಿಗಾಲಕ್ಕೊಂದು, ಬ್ಯಾಸಗಿಗೊಂದು. ಆಮ್ಯಾಲೆ ಎರಡು ನಂಬರಿನ ಎಣ್ಣಿ ಬಂತು. 20ಡಬ್ಲ್ಯೂ-50 ಅಂದ್ರ ಥಂಡಿಯೊಳಗ 20ರ ಹಂಗ ಹರೀತದ, ಕಾದ ಮ್ಯಾಲೆ 50ರಷ್ಟು ದಪ್ಪ ಉಳೀತದ. ಡಬ್ಲ್ಯೂ ಅಂದ್ರ ಚಳಿಗಾಲ.

ಗ್ಯಾರೇಜಿನವರು ಹಾಕಿದ್ದು 5ಡಬ್ಲ್ಯೂ-30. ಹೊಸಾ ಗಾಡಿಗೆ ಅದ ಬೇಕು, ಅವುಗಳ ಬೇರಿಂಗಿನ ಸಂದು ಸಣ್ಣದು. ನಮ್ಮದು ಸವದ ಎಂಜಿನ್. ತೆಳ್ಳನ ಎಣ್ಣಿ ಕಾದ ಮ್ಯಾಲೆ ಸಂದಿಯೊಳಗಿಂದ ಲಗೂನ ಜಾರಿ ಹೋಗತದ, ಪ್ರೆಶರ್ ನಿಲ್ಲಂಗಿಲ್ಲ. ಇನ್ನೊಂದು ಮಾತು. ಹಳೇ ಎಂಜಿನ್ನಿನ ಕ್ಯಾಮು, ಟ್ಯಾಪೆಟ್ಟು ಒಂದಕ್ಕೊಂದು ಉಜ್ಜಿ ಸವೀದ ಹಂಗ ಎಣ್ಣಿಯೊಳಗ ಜಿಂಕ್-ಫಾಸ್ಫರಸ್ ಹಾಕಿರತಾರ. ಹೊಸಾ ಗಾಡಿಗಳ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಅದರಿಂದ ಕೆಡ್ತದ ಅಂತ ಈಗಿನ ತೆಳು ಎಣ್ಣಿಗಳಾಗ ಅದನ್ನ ಕಡಿಮಿ ಮಾಡ್ಯಾರ. ತುಟ್ಟಿದು ಎಲ್ಲಾರಿಗೂ ಛೊಲೋದಲ್ಲ ನೋಡ್ರಿ.

ಪ್ಲಗ್ಗಿನ ಕಥಿ ನಮ್ಮ ಬೆಂಗಳೂರಿನದ. 1902ರಾಗ ಜರ್ಮನಿಯ ಬಾಷ್ ಕಂಪನಿಯ ಗೊಟ್‌ಲೋಬ್ ಹೋನೋಲ್ಡ್ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೊ ಮತ್ತ ಸ್ಪಾರ್ಕ್ ಪ್ಲಗ್ ಕೂಡಿಸಿ ಕೊಟ್ಟ. 1951ರಾಗ ಅದ ಬಾಷ್‌ನವರ ಕೂಡ ಬೆಂಗಳೂರಾಗ ಮೈಕೋ ಕಂಪನಿ ಹುಟ್ಟಿತು. ಆಡುಗೋಡಿ ಫ್ಯಾಕ್ಟರಿ, ಮೈಕೋ ಲೇಔಟ್ ಕೇಳೀರೆಲ್ಲ, ಅದ ಮೈಕೋ. 2008ರಿಂದ ಅದರ ಹೆಸರು ಬಾಷ್ ಅಂತ ಆಗ್ಯದ. ಡೈರಿಯೊಳಗ ಪ್ರತಿ ಸಲ "ಮೈಕೋ ಪ್ಲಗ್ಗು 4" ಅಂತ ಬರದಾರ.

ಪ್ಲಗ್ಗಿನ ನಂಬರಿನಾಗ ಒಂದು ಗೊಂದಲ ಅದ. ಬಾಷ್‌ನ ಹಳೇ ಲೆಕ್ಕದಾಗ ನಂಬರ್ ದೊಡ್ಡದಾದ್ರ ಪ್ಲಗ್ಗು ತಂಪು, ಹೊಸಾ ಲೆಕ್ಕದಾಗ ದೊಡ್ಡ ನಂಬರಿಂದು ಬಿಸಿ. ಅದಕ್ಕ ಹಳೇ ನಂಬರಿಗೆ ಸರಿಹೊಂದೋದು ಯಾವುದು ಅಂತ ಪಟ್ಟಿ ನೋಡೇ ತರಬೇಕು. ಬಿಚ್ಚಿದ ಪ್ಲಗ್ಗಿನ ಬಣ್ಣ ಪೂರಾ ಎಂಜಿನ್ನಿನ ಹಣೇಬರಾ ಹೇಳತದ. ತಿಳಿ ಕಂದು ಇದ್ರ ಆರೋಗ್ಯ. ಒಣಾ ಕರೇ ಮಸಿ ಇದ್ರ ಪೆಟ್ರೋಲ್ ಹೆಚ್ಚಾಗೇದ. ಎಣ್ಣಿ ಜಿಡ್ಡು ಇದ್ರ ಒಳಗ ರಿಂಗು ಸವದಿರಬಹುದು. ಬೆಳ್ಳಗ ಸುಟ್ಟಂಗ ಇದ್ರ ಕಾವು ಹೆಚ್ಚು. 2000ದ ಫೆಬ್ರುವರಿಯಿಂದ ದೇಶದ ತುಂಬ ಸೀಸ ಇಲ್ಲದ ಪೆಟ್ರೋಲ್ ಬಂತು. ಅದಕ್ಕೂ ಮೊದಲು ಸೀಸದ ಪದರ ಪ್ಲಗ್ಗಿಗೆ ಅಂಟತಿತ್ತು, ಮಾವನವರು ಅಂಗಳದಾಗ ಕೂತು ಬ್ರಶ್‌ನಿಂದ ತಿಕ್ಕತಿದ್ದದ್ದು ನಾನ ನೋಡೇನಿ.

ಮರುದಿನ ನಮ್ಮ ಹಳೇ ಮಿಸ್ತ್ರಿ ಬಂದು ಎಣ್ಣಿ ಇಳಿಸಿ 20ಡಬ್ಲ್ಯೂ-50 ಹಾಕಿದ. ಪ್ಲಗ್ಗಿನ ಸಂದು 0.6 ಮಿಲಿಮೀಟರಿಗೆ ಇಟ್ಟ. ದೀಪ ಆರಿತು. "ಅಮ್ಮಾರ, ಇನ್ನೊಂದು ಹತ್ತು ಕಿಲೊಮೀಟರ್ ಹಂಗ ಓಡಿಸಿದ್ರ ಬೇರಿಂಗ್ ಹೋಗಿರತಿತ್ತು" ಅಂದ. ಮಗ ಗಾಡಿ ಮಾರೋ ಮಾತು ಎತ್ತಿದ್ದ, ಈಗ ಸುಮ್ಮನಾಗ್ಯಾನ.

ಡೈರಿಯೊಳಗ ಮಾವನವರ ಅಕ್ಷರದ ಕೆಳಗ ಈಗ ನನ್ನ ಅಕ್ಷರ ಅದ. ನಿಮ್ಮ ಮನ್ಯಾಗೂ ಹಳೇ ಗಾಡಿ ಇದ್ರ ಗ್ಯಾರೇಜಿಗೆ ಕಳಸೋ ಮುಂದ ಎಣ್ಣಿ ನಂಬರ್ ಒಂದು ಚೀಟಿಯೊಳಗ ಬರದು ಕೊಡ್ರಿ. ಅತ್ತಿಯವರಂತೂ ಈಗ ಮುಂದಿನ ಸೀಟ್ ಬಿಟ್ಟು ಕೊಡೂದಿಲ್ಲ. ಹೊಸಾ ಕಣ್ಣಿನಿಂದ ದೀಪ ಕಾಯತಾರ.