ಎರಡು ಕಡ್ಡಿ, ಒಂದೇ ಎಳೆ

ಡಿಸೆಂಬರ್ ಬಂತೆಂದರೆ ಜಯನಗರ, ಬನಶಂಕರಿಯ ಉದ್ಯಾನಗಳಲ್ಲಿ ಬೆಳಗಿನ ನಡಿಗೆಗೆ ಬರುವವರ ಮೈಮೇಲೆ ಸ್ವೆಟರುಗಳು ಕಾಣಿಸಿಕೊಳ್ಳುತ್ತವೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಚಳಿ ಹೊಸದಲ್ಲ. 1884ರ ಜನವರಿಯಲ್ಲಿ ಇಲ್ಲಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಕನ್ನಡ ನಾಡಿಗೆ ಉಣ್ಣೆಯೂ ಹೊಸದಲ್ಲ. ಆದರೆ ಸ್ವೆಟರ್ ಹೆಣಿಗೆ ಮಾತ್ರ ಹೊರಗಿನಿಂದ ಬಂದ ವಿದ್ಯೆ.

ಚಿತ್ರದುರ್ಗ, ಚಳ್ಳಕೆರೆಯ ಕಡೆ ಕುರುಬರು ತಲೆಮಾರುಗಳಿಂದ ಮಾಡುತ್ತ ಬಂದ ಕಂಬಳಿ ನೇಯ್ಗೆಯದು. ಅದಕ್ಕೆ ಮಗ್ಗ ಬೇಕು, ಹಾಸು ಬೇಕು, ಹೊಕ್ಕು ಬೇಕು. ಹೆಣಿಗೆಗೆ ಎರಡು ಕಡ್ಡಿ, ಒಂದು ಎಳೆ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತ ಹೋದರೆ ಬಟ್ಟೆ ಬೆಳೆಯುತ್ತದೆ. ಈ ಬಗೆಯ ಹಳೆಯ ಕಾಲುಚೀಲಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಅಲ್ಲಿಂದ ಯೂರೋಪಿಗೆ ಹರಡಿದ ಕಲೆ, ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳ ಮೂಲಕ ಭಾರತದ ಮನೆಗಳನ್ನು ಹೊಕ್ಕಿತು. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಹೆಣಿಗೆ ಯಂತ್ರ ಕಂಡುಹಿಡಿದಿದ್ದ. ಕೈಕೆಲಸದವರ ಅನ್ನಕ್ಕೆ ಸಂಚಕಾರ ಬಂದೀತೆಂದು ರಾಣಿ ಎಲಿಜಬೆತ್ ಅವನಿಗೆ ಪೇಟೆಂಟ್ ನಿರಾಕರಿಸಿದಳೆಂಬ ಪ್ರತೀತಿಯಿದೆ.

ಕಲಿಯುವವರಿಗೆ ಮುಖ್ಯವಾದವು ಎರಡೇ ಹೆಣಿಗೆಗಳು: ಸೀದಾ ಮತ್ತು ಉಲ್ಟಾ. ಮೊದಲು ಎಡಗಡ್ಡಿಯ ಮೇಲೆ ಬೇಕಾದಷ್ಟು ಕುಣಿಕೆ ಹಾಕಿಕೊಳ್ಳಬೇಕು. ದಾರ ಹಿಂದಿದ್ದು ಹೊಸ ಕುಣಿಕೆಯನ್ನು ಮುಂದಕ್ಕೆ ಎಳೆದರೆ ಸೀದಾ. ದಾರ ಮುಂದಿದ್ದು ಹಿಂದಕ್ಕೆ ತಳ್ಳಿದರೆ ಉಲ್ಟಾ. ನಿಜಕ್ಕೆ ಇವು ಒಂದೇ ಕುಣಿಕೆಯ ಎರಡು ಮುಖಗಳು. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಎರಡೂ ಬದಿ ಒಂದೇ ರೀತಿ ಏರಿಳಿತ ಮೂಡುತ್ತದೆ. ಮಫ್ಲರಿಗೆ ಇದು ಸಾಕು. ಒಂದು ಸಾಲು ಸೀದಾ, ಮರುಸಾಲು ಉಲ್ಟಾ ಆದರೆ ಮುಂಬದಿ ನಯವಾಗುತ್ತದೆ, ಆದರೆ ಅಂಚು ಸುರುಳಿಯಾಗುತ್ತದೆ. ಒಂದೇ ಸಾಲಿನಲ್ಲಿ ಒಂದು ಸೀದಾ, ಒಂದು ಉಲ್ಟಾ ಬಂದರೆ ಹಿಗ್ಗುವ ಪಟ್ಟಿ ಸಿದ್ಧ. ಕತ್ತು, ಮಣಿಕಟ್ಟಿಗೆ ಇದೇ ಬೇಕು.

1948ರಿಂದ ರೂಪುಗೊಳ್ಳತೊಡಗಿದ ಜಯನಗರದಂಥ ಬಡಾವಣೆಗಳ ಮಧ್ಯಮ ವರ್ಗದ ಮನೆಗಳಿಗೆ ಈ ವಿದ್ಯೆ ಒಗ್ಗಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಕೈಯಲ್ಲಿ ಹೆಣೆದದ್ದನ್ನು ತುದಿಯಿಂದ ಬಿಚ್ಚಬಹುದು. ಮಗು ಬೆಳೆದಾಗ ಹಳೆಯ ಸ್ವೆಟರನ್ನು ಬಿಚ್ಚಿ, ಉಲ್ಲನ್ ತೊಳೆದು, ಹೊಸ ಉಂಡೆಯೊಂದನ್ನು ಸೇರಿಸಿ ದೊಡ್ಡ ಅಳತೆಗೆ ಮತ್ತೆ ಹೆಣೆಯಬಹುದು. ಯಂತ್ರದ ಬಟ್ಟೆಯನ್ನು ಕತ್ತರಿಸಿ ಹೊಲಿದ ಅಗ್ಗದ ಸ್ವೆಟರಿಗೆ ಈ ಭಾಗ್ಯವಿಲ್ಲ. ಬಿಚ್ಚಿದರೆ ತುಂಡು ದಾರಗಳಷ್ಟೇ ಉಳಿಯುತ್ತವೆ. ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಕಡ್ಡಿ ದಾಟದಿದ್ದರೆ ತಪ್ಪಿಹೋಗುವುದು ಬರಿಯ ಹವ್ಯಾಸವಲ್ಲ, ಇದ್ದುದನ್ನೇ ಮತ್ತೆ ಹೊಸದು ಮಾಡಿಕೊಳ್ಳುವ ಜಾಣ್ಮೆ.