ರಷ್ಯನರ ಚಹಾಪಾನವೂ ಅದಕ್ಕೆ ಹಿಂದಿನ ಮೂಲಿಕಾಪಾನೀಯಗಳೂ

ರಷ್ಯಾ ದೇಶದ ಹೆಸರನ್ನೆತ್ತಿದೊಡನೆ ಸಮೋವಾರ್ ಎಂಬ ಹಿತ್ತಾಳೆಯ ಪಾತ್ರೆಯೂ ಅದರ ಸುತ್ತಲೂ ಚಹಾ ಕುಡಿಯುತ್ತ ಕುಳಿತ ಕುಟುಂಬವೂ ಕಣ್ಣಿಗೆ ಕಟ್ಟುವುದು ಸಹಜ. ಈ ಆಚಾರವು ಆ ಜನರಲ್ಲಿ ಅನಾದಿಯಾಗಿ ನಡೆದುಬಂದುದೆಂದು ಭಾವಿಸುವವರೇ ಬಹುಮಂದಿ. ವಸ್ತುಸ್ಥಿತಿಯು ಹಾಗಿಲ್ಲ. ಚಹಾ ಆ ದೇಶಕ್ಕೆ ಹದಿನೇಳನೆಯ ಶತಮಾನದಲ್ಲಿ ಬಂದ ಅತಿಥಿ; ಅದು ಬಂದು ಕುಳಿತ ಪೀಠವಾದರೋ ಅದಕ್ಕಿಂತ ಹಳೆಯದಾದ ಜೇನು ಮೂಲಿಕೆಗಳ ಪಾನೀಯಕ್ಕೆ ಸೇರಿದುದು. ಇದಕ್ಕೆ ಸಾಕ್ಷಿಗಳು ಶಬ್ದಗಳಲ್ಲಿಯೂ ಪಾತ್ರೆಗಳಲ್ಲಿಯೂ ಉಳಿದಿವೆ.

ಆ ಹಳೆಯ ಪಾನೀಯಗಳಲ್ಲಿ ಮುಖ್ಯವಾದುದು ಸ್ಬಿತೆನ್. ನೀರಿಗೆ ಜೇನನ್ನು ಬೆರಸಿ, ಶುಂಠಿ, ಲವಂಗ, ದಾಲ್ಚಿನ್ನಿ ಮೊದಲಾದ ಸಂಬಾರಗಳನ್ನೂ ನಾಡಿನ ಮೂಲಿಕೆಗಳನ್ನೂ ಹಾಕಿ ಕುದಿಸಿ, ಬಿಸಿಯಾಗಿರುವಾಗಲೇ ಕುಡಿಯುತ್ತಿದ್ದರು. ಜೇನಿಗೆ ರಷ್ಯನ್ ಭಾಷೆಯಲ್ಲಿ ‘ಮ್ಯೋದ್’ ಎಂದು ಹೆಸರು. ಇದು ಸಂಸ್ಕೃತದ ‘ಮಧು’ ಶಬ್ದಕ್ಕೆ ಸೋದರ. ಕರಡಿಯನ್ನು ‘ಮೆದ್ವೇದ್’ ಎನ್ನುವರು. ಜೇನು ತಿನ್ನುವುದೆಂದೇ ಅದರ ಅರ್ಥ. ಇದನ್ನು ವೇದದ ‘ಮಧ್ವದ’ ಶಬ್ದದೊಡನೆ ಹೋಲಿಸಿದರೆ ಜೇನು ಆ ಜನಕ್ಕೆ ಎಷ್ಟು ಹಳೆಯದೆಂಬುದು ಸ್ಪಷ್ಟವಾಗುವುದು. ಮೂಲಿಕೆ, ಒಣಹಣ್ಣುಗಳ ಕಷಾಯಕ್ಕೆ ‘ವ್ಜ್ವಾರ್’ ಎಂಬ ಹೆಸರುಂಟು. ಅದರಲ್ಲಿರುವ ‘ವಾರ್’ ಎಂಬುದು ಕುದಿಸುವ ಅರ್ಥವುಳ್ಳ ಮೂಲದಿಂದ ಬಂದುದು. ತಾನೇ ಕುದಿಸುವುದು ಎಂಬರ್ಥದ ‘ಸಮೋವಾರ್’ ಶಬ್ದದಲ್ಲಿಯೂ ಅದೇ ಮೂಲ ಅಡಗಿದೆ. ವೈದ್ಯಶಾಸ್ತ್ರದ ಪರಿಭಾಷೆಯಲ್ಲಿ ಸ್ಬಿತೆನ್ ಕುದಿಸಿ ತೆಗೆದ ಕ್ವಾಥ. ಚಹಾ ಬಿಸಿನೀರಿನಲ್ಲಿ ನೆನೆಯಿಟ್ಟ ಫಾಂಟ. ಚಹಾ ಬಂದಾಗ ಪಾಕಕ್ರಮವು ಬದಲಾಯಿತಾದರೂ ಹೆಸರಿನಲ್ಲಿ ಕುದಿತವು ಹಾಗೆಯೇ ಉಳಿಯಿತು.

ಪಾತ್ರೆಯ ಸಾಕ್ಷ್ಯವು ಇನ್ನೂ ಬಲವಾದುದು. ಬೀದಿಯಲ್ಲಿ ಸ್ಬಿತೆನ್ ಮಾರುವವರು ನಡುವೆ ಕೆಂಡದ ಕೊಳವೆಯುಳ್ಳ ತಾಮ್ರದ ಪಾತ್ರೆಯನ್ನು ಹೊತ್ತು, ಮೂಳೆ ಕೊರೆಯುವ ಚಳಿಯಲ್ಲಿಯೂ ಪಾನೀಯವನ್ನು ಬಿಸಿಯಾಗಿ ಇಟ್ಟುಕೊಳ್ಳುತ್ತಿದ್ದರು. ಸಮೋವಾರಿನ ಒಡಲಲ್ಲಿರುವುದೂ ಇಂಥ ಕೊಳವೆಯೇ. ತೂಲಾ ನಗರದಲ್ಲಿ ಲಿಸೀತ್ಸಿನ್ ಸೋದರರು ೧೭೭೮ರಲ್ಲಿ ಸಮೋವಾರ್ ತಯಾರಿಸಲು ತೊಡಗಿದರು. ಮುಂದೆ ಆ ಊರಿನ ಹೆಸರೂ ಆ ಪಾತ್ರೆಯ ಹೆಸರೂ ಬೇರ್ಪಡಿಸಲಾರದಂತೆ ಬೆಸೆದುಹೋದುವು.

ಚಹಾ ಬಂದ ಬಗೆಯು ಸ್ವಲ್ಪ ವಿನೋದಕರವಾಗಿದೆ. ೧೬೩೮ರಲ್ಲಿ ವಸೀಲಿ ಸ್ತಾರ್ಕೋವ್ ಎಂಬ ರಾಯಭಾರಿಯು ಮಂಗೋಲರ ಅಲ್ತಿನ್ ಖಾನನ ಆಸ್ಥಾನಕ್ಕೆ ಹೋಗಿದ್ದನು. ಖಾನನು ಜಾರ್ ಮಿಖಾಯಿಲನಿಗೆ ಕಾಣಿಕೆಯಾಗಿ ಒಣಗಿದ ಎಲೆಯ ಪೊಟ್ಟಣಗಳನ್ನು ಕೊಟ್ಟನಂತೆ. ತುಪ್ಪುಳದ ಚರ್ಮಗಳನ್ನು ನಿರೀಕ್ಷಿಸಿದ್ದ ರಾಯಭಾರಿಯು ಮನಸ್ಸಿಲ್ಲದ ಮನಸ್ಸಿನಿಂದ ಅವನ್ನು ಹೊತ್ತು ತಂದನು. ೧೭೨೭ರ ಕ್ಯಾಖ್ತಾ ಒಪ್ಪಂದದ ತರುವಾಯ ಗಡಿಯ ಆ ಊರಿನಲ್ಲಿ ಚೀಣದ ಚಹಾಕ್ಕೆ ರಷ್ಯದ ಚರ್ಮ, ಬಟ್ಟೆಗಳ ವಿನಿಮಯವು ಬೆಳೆಯಿತು. ಒಂಟೆಗಳ ಮೇಲೆ ಗೋಬಿ ಮರುಭೂಮಿಯನ್ನು ದಾಟಿ, ಬಳಿಕ ಸೈಬೀರಿಯದ ಉದ್ದಕ್ಕೂ ಸಾಗಿ ಮಾಸ್ಕೋ ಸೇರಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಹೀಗೆ ನೆಲದ ದಾರಿಯಲ್ಲಿ ಬಂದುದರಿಂದಲೇ ರಷ್ಯನರಿಗೆ ‘ಚಾಯ್’ ಎಂಬ ಹೆಸರು ದೊರೆತುದು; ಕನ್ನಡದ ‘ಚಹಾ’ ಶಬ್ದವೂ ಅದೇ ಚೀಣೀ ಮೂಲದ್ದು. ಕನ್ನಡಿಗರು ಇಂಗ್ಲಿಷರಿಂದ ಪಡೆದ ‘ಟೀ’ ಎಂಬುದು ಫೂಕಿಯನ್ ಕರಾವಳಿಯ ಉಚ್ಚಾರಣೆಯಿಂದ ಹಡಗುಗಳ ಮೂಲಕ ಹರಡಿತು. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಒಡೆಸ್ಸಾ ಬಂದರಿನ ಮೂಲಕ ಚಹಾ ಅಗ್ಗವಾಗಿ ಬರತೊಡಗಿತು. ಕ್ಯಾಖ್ತಾದ ವೈಭವವು ಕುಗ್ಗಿತು.

ಜಪಾನೀಯರಲ್ಲಿರುವಂತೆ ವಿಧಿಬದ್ಧವಾದ ಚಹಾಕಲಾಪವು ರಷ್ಯನರಲ್ಲಿಲ್ಲ. ಮರ್ಯಾದೆಯ ಕ್ರಮ ಮಾತ್ರ ಉಂಟು. ಸಣ್ಣ ಕುಂಡಿಕೆಯಲ್ಲಿ ಗಟ್ಟಿಯಾದ ಚಹಾರಸವನ್ನು ಮಾಡಿ ಸಮೋವಾರಿನ ನೆತ್ತಿಯ ಮೇಲಿಡುವರು. ಗೃಹಿಣಿಯು ಅದನ್ನಿಷ್ಟು ಬಟ್ಟಲಿಗೆ ಬಗ್ಗಿಸಿ, ಕುದಿನೀರು ಬೆರಸಿ, ಅವರವರಿಗೆ ಬೇಕಾದ ಹದದಲ್ಲಿ ಕೊಡುವಳು. ವರ್ತಕರೂ ರೈತರೂ ತಟ್ಟೆಗೆ ಹೊಯ್ದುಕೊಂಡು ಊದಿ ಕುಡಿಯುತ್ತಿದ್ದರು. ಸಕ್ಕರೆಯನ್ನು ಕರಗಿಸಿ ಕುಡಿಯುವುದೊಂದು ಬಗೆ, ಹರಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಡಿಯುವುದು ಇನ್ನೊಂದು. ಹರಳನ್ನು ಬರಿದೇ ನೋಡುತ್ತ ಕುಡಿಯುವುದು ಮೂರನೆಯದೆಂದು ಬಡವರು ತಮ್ಮನ್ನು ತಾವೇ ಹಾಸ್ಯಮಾಡಿಕೊಳ್ಳುತ್ತಿದ್ದರು. ಸಾಕೆಂದು ಬಾಯಿಂದ ಹೇಳಬೇಕಾಗಿರಲಿಲ್ಲ. ಬಟ್ಟಲನ್ನು ತಟ್ಟೆಯ ಮೇಲೆ ಬೋರಲಿಟ್ಟು, ಉಳಿದ ಸಕ್ಕರೆಯ ಚೂರನ್ನು ಅದರ ಮೇಲಿಟ್ಟರೆ ಆಯಿತು.

ಚಹಾ ಕೊಳ್ಳಲಾರದವರ ಪಾಡೇನು? ಹಳೆಯ ಮೂಲಿಕೆಗಳು ಅವರ ಮನೆಯನ್ನು ಬಿಟ್ಟುಹೋಗಿರಲಿಲ್ಲ. ಪುದೀನ, ಕಾಡುಜಾತಿಯ ಓಮ, ಲಿಂಡನ್ ಮರದ ಹೂ, ಕಾಡುಗುಲಾಬಿಯ ಕಾಯಿ ಇವುಗಳಿಂದ ಪಾನೀಯವನ್ನು ಮಾಡುತ್ತಿದ್ದರು. ೧೬೫೦ರ ದಶಕದಲ್ಲಿ ತೊಡಗಿದ ಮತಸುಧಾರಣೆಯನ್ನು ಒಪ್ಪದೆ ಬೇರ್ಪಟ್ಟ ಪುರಾತನ ಸಂಪ್ರದಾಯದವರಲ್ಲಿ ಅನೇಕರು ಚಹಾವನ್ನು ಪರದೇಶದ ದುರಭ್ಯಾಸವೆಂದು ವರ್ಜಿಸಿ ಮೂಲಿಕೆಗಳಲ್ಲಿಯೇ ನಿಂತರು. ಆದರೆ ಈ ಮೂಲಿಕೆಗಳ ಪೈಕಿ ಒಂದಕ್ಕೆ ಮಾತ್ರ ವಿಚಿತ್ರವಾದ ದುರ್ಯಶಸ್ಸು ಬಂದಿತು. ಅದು ಇವಾನ್-ಚಾಯ್, ಸುಟ್ಟ ಕಾಡಿನ ನೆಲದಲ್ಲಿ ಮೊದಲು ತಲೆಯೆತ್ತುವ, ನೇರಳೆಗೆಂಪು ಹೂವಿನ ಗಿಡ. ಇದರ ಎಲೆಯನ್ನು ಬಾಡಿಸಿ, ಹೊಸಕಿ, ಹುಳಿಯಿಸಿ ಒಣಗಿಸಿದರೆ ನೋಡುವುದಕ್ಕೆ ಚೀಣದ ಚಹಾದಂತೆಯೇ ಇರುವುದು. ಪೀಟರ್ಸ್‌ಬರ್ಗಿಗೆ ಪಶ್ಚಿಮದ ಕೊಪೋರ್ಯೆ ಗ್ರಾಮದ ಹೆಸರಿನಿಂದ ಇದಕ್ಕೆ ಕೊಪೋರ್ಯೆ ಚಹಾ ಎಂಬ ಹೆಸರಾಯಿತು. ವರ್ತಕರು ಇದನ್ನು ಬೆಲೆಬಾಳುವ ಚಹಾಕ್ಕೆ ಬೆರಸಿ ಮಾರಿದುದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರವು ಇದರ ವ್ಯಾಪಾರವನ್ನು ನಿಷೇಧಿಸಿತು; ಕೊಪೋರ್ಯೆ ಎಂದರೆ ಕಳಪೆ ಎಂದೇ ಮಾತಾಯಿತು. ರೈತನ ಮನೆಯಲ್ಲಿ ತನ್ನ ಹೆಸರಿನಿಂದಲೇ ನಡೆಯುತ್ತಿದ್ದ ಎಲೆಯು ವರ್ತಕನ ಅಂಗಡಿಯಲ್ಲಿ ಪರರ ಹೆಸರನ್ನು ಹೊತ್ತು ಕೆಟ್ಟಿತು. ದೋಷವು ಬೆರಸಿದವನದಲ್ಲದೆ ಗಿಡದ್ದಲ್ಲ.

ಇಪ್ಪತ್ತೊಂದನೆಯ ಶತಮಾನದಲ್ಲಿ ಇದೇ ಎಲೆಯು ಪೂರ್ವಿಕರ ಶುದ್ಧ ರಷ್ಯನ್ ಚಹಾ ಎಂಬ ಪ್ರಶಸ್ತಿಯೊಡನೆ ಮತ್ತೆ ಮಾರಾಟಕ್ಕೆ ಬಂದಿದೆ. ಒಂದು ಕಾಲದಲ್ಲಿ ಇದು ಇಂಗ್ಲೆಂಡಿಗೆ ಹಡಗುಗಟ್ಟಲೆ ಹೋಗುತ್ತಿದ್ದಿತೆಂದೂ ಈಸ್ಟ್ ಇಂಡಿಯಾ ಕಂಪೆನಿಯವರ ಒಳಸಂಚಿನಿಂದ ಆ ವ್ಯಾಪಾರವು ನಾಶವಾಯಿತೆಂದೂ ಮಾರುವವರು ಹೇಳುವುದುಂಟು. ಈ ಮಾತು ವಿಶ್ವಾಸಾರ್ಹವಲ್ಲ. ನಿಷೇಧಾಜ್ಞೆಗಳು ಹೊರಟುದು ಸ್ವದೇಶದ ಪೇಟೆಯಲ್ಲಿನ ಕಲಬೆರಕೆಯನ್ನು ತಡೆಯುವುದಕ್ಕೆ. ಅವುಗಳನ್ನು ಹೊರಡಿಸಿದುದೂ ಜಾರ್ ಸರಕಾರವೇ.