ವ್ಯೂರ್ಟೆಂಬರ್ಗಿನ ಗುರುಗಳು, ಕನ್ನಡ ನಾಡಿನ ಶಿಷ್ಯರು

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ಎಲ್ಲಿ ಕಲೆತರೂ ಒಂದು ಚಿಂತೆ ಮಾತಿಗೆ ಬಾರದೆ ಇರುವುದಿಲ್ಲ. ನಮ್ಮ ಮಕ್ಕಳು ಒಳ್ಳೆಯ ಅಂಕಗಳನ್ನೂ ಅದಕ್ಕೆ ತಕ್ಕ ಉದ್ಯೋಗಗಳನ್ನೂ ಪಡೆಯುತ್ತಾರೆ. ಆದರೆ ನಾಲ್ಕು ಜನರ ಕೆಲಸವನ್ನು ತಮ್ಮದೆಂದು ಹೆಗಲಿಗೇರಿಸಿಕೊಳ್ಳುವ ಗುಣವನ್ನು, ನಾವು ಕಟ್ಟಿದ ಸಂಘಗಳನ್ನು ನಮ್ಮ ನಂತರ ನಡೆಸಿಕೊಂಡು ಹೋಗುವ ಧೈರ್ಯವನ್ನು ಅವರಿಗೆ ಕಲಿಸುವವರು ಯಾರು? ನಾನು ಮೂರು ದಶಕಗಳಿಂದ ವಾಸವಾಗಿರುವ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಜನರು ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಎದುರಿಸಿದರು. ಅವರು ಉತ್ತರವನ್ನು ತಮ್ಮ ಕ್ರೈಸ್ತ ಶ್ರದ್ಧೆಯಲ್ಲಿ ಹುಡುಕಿದರು. ಆ ಉತ್ತರದ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ಕನ್ನಡ ನಾಡಿನಲ್ಲಿ ಎಂಬುದನ್ನು ಸ್ಮರಿಸುವುದೇ ಈ ಲೇಖನದ ಉದ್ದೇಶ.

ನಾನು ಧಾರವಾಡದಲ್ಲಿ ಇತಿಹಾಸವನ್ನು ಓದಿ ಕಲಾ ಪದವಿ ಪಡೆದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಗೃಹಿಣಿಯಾಗಿಯೇ ಉಳಿದವಳು. ನಾನು ಕ್ರೈಸ್ತಳಲ್ಲ. ಆದರೆ ಊರಿನಲ್ಲಿ ನಿತ್ಯವೂ ಕೇಳುತ್ತಿದ್ದ ಕಿಟ್ಟೆಲ್, ಬಾಸೆಲ್ ಮಿಷನ್ ಎಂಬ ಹೆಸರುಗಳ ಬೇರು ನಮ್ಮ ಮನೆಯಿಂದ ಒಂದೆರಡು ಗಂಟೆಗಳ ಪ್ರಯಾಣದ ಹಳ್ಳಿಪಟ್ಟಣಗಳಲ್ಲಿ ಇದೆಯೆಂದು ತಿಳಿದಾಗ, ಈ ಇತಿಹಾಸ ನನಗೆ ಪರಕೀಯವಾಗಿ ಕಾಣಲಿಲ್ಲ.

ಮೊದಲು ಈ ನೆಲದ ಹಿನ್ನೆಲೆಯನ್ನು ತಿಳಿಯಬೇಕು. ಮೂವತ್ತು ವರ್ಷಗಳ ಯುದ್ಧ ಮುಗಿದ ಮರುವರ್ಷವೇ, ಕ್ರಿ.ಶ. 1649ರಲ್ಲಿ, ಜನಸಂಖ್ಯೆ ಕುಸಿದು ಹೊಲಗಳು ಬೀಳುಬಿದ್ದಿದ್ದ ವ್ಯೂರ್ಟೆಂಬರ್ಗ್ ಸಂಸ್ಥಾನವು ಎಲ್ಲ ಮಕ್ಕಳಿಗೂ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಬೈಬಲನ್ನು ಪ್ರತಿಯೊಬ್ಬನೂ ಸ್ವತಃ ಓದಬೇಕೆಂಬುದು ಪ್ರಾಟೆಸ್ಟೆಂಟ್ ಧರ್ಮದ ನಿಲುವಾದ್ದರಿಂದ, ಅಕ್ಷರ ಕಲಿಸುವುದು ಇಲ್ಲಿ ದೇವರ ಕೆಲಸವೆನಿಸಿತು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಪಯಟಿಸಂ ಎಂಬ ಭಕ್ತಿಪಂಥವು ಬಲಗೊಂಡಿತು. ರೈತರೂ ನೇಕಾರರೂ ಬಡಗಿಗಳೂ ಸಂಜೆಯ ಹೊತ್ತು ಯಾರದೋ ಮನೆಯಲ್ಲಿ ಸೇರಿ, ಪಾದ್ರಿಯಿಲ್ಲದೆಯೇ ಧರ್ಮಗ್ರಂಥವನ್ನು ಓದಿ ಚರ್ಚಿಸುತ್ತಿದ್ದರು. ಆ ಕೂಟಕ್ಕೆ ‘ಸ್ಟುಂಡೆ’ ಎಂದು ಹೆಸರು. ಹಾಗೆಂದರೆ ಒಂದು ಗಂಟೆ ಎಂದಷ್ಟೇ ಅರ್ಥ. ಸಾಮಾನ್ಯ ಮನುಷ್ಯನು ಹತ್ತು ಜನರ ಮುಂದೆ ಮಾತನಾಡಲು ಕಲಿತದ್ದು ಅಲ್ಲಿ. 1720ರ ದಶಕದಲ್ಲಿ ಕನ್ಫರ್ಮೇಷನ್ ಎಂಬ ಸಂಸ್ಕಾರವೂ ಸಂಸ್ಥಾನದ ತುಂಬ ಜಾರಿಗೆ ಬಂದಿತು. ಹದಿನಾಲ್ಕರ ಆಸುಪಾಸಿನ ಹುಡುಗ ಹುಡುಗಿಯರು ಪಾಠಗಳನ್ನು ಮುಗಿಸಿ, ಎಳೆವೆಯಲ್ಲಿ ತಂದೆತಾಯಿಗಳು ತಮ್ಮ ಪರವಾಗಿ ಕೊಟ್ಟ ಮಾತನ್ನು ಸಭೆಯೆದುರು ತಾವೇ ಕೊಡುವುದು ಇದರ ತಿರುಳು. ಉತ್ತರದಲ್ಲಿ ಹಾಲೆ ಪಟ್ಟಣದ ಅಗಸ್ಟ್ ಹರ್ಮನ್ ಫ್ರಾಂಕೆ ಅನಾಥ ಮಕ್ಕಳಿಗಾಗಿ ಕಟ್ಟಿದ ಶಾಲಾಸಮೂಹವೂ ಇದೇ ಪಂಥದ ಫಲ. ಅಲ್ಲಿ ಕಲಿತಿದ್ದ ಬಾರ್ತಲೋಮಿಯಸ್ ಜೀಗನ್‌ಬಾಲ್ಗ್ 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದು ಮಕ್ಕಳ ಶಾಲೆಗಳನ್ನು ತೆರೆದನು.

ಗಡಿಯಾಚೆಯ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಹೆಚ್ಚಿನ ಯುವಕರನ್ನು ಒದಗಿಸಿದ್ದು ಇದೇ ವ್ಯೂರ್ಟೆಂಬರ್ಗ್. 1834ರ ಅಕ್ಟೋಬರ್ ತಿಂಗಳಲ್ಲಿ ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ ಹರ್ಮನ್ ಮೋಗ್ಲಿಂಗ್ ಅವರನ್ನು ಕೂಡಿಕೊಂಡರು. 1811ರಲ್ಲಿ ಬ್ರಾಕನ್‌ಹೈಮ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮೋಗ್ಲಿಂಗರನ್ನು ಕನ್ನಡಿಗರು ಬಲ್ಲದ್ದು ಮುಖ್ಯವಾಗಿ ಪತ್ರಕರ್ತರೆಂದು. ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಅವರು ಹೊರತಂದರು. ಆದರೆ ಅವರು ಮನಸ್ಸಿನಾಳದಲ್ಲಿ ಉಪಾಧ್ಯಾಯರು.

ಪರದೇಶದಿಂದ ಬಂದವರು ಎಷ್ಟು ದಿನ ಇಲ್ಲಿ ಬೋಧಿಸಿಯಾರು, ಈ ನೆಲದ ಮಕ್ಕಳೇ ಗುರುಗಳಾಗದೆ ಈ ಕೆಲಸ ನಿಲ್ಲದು ಎಂಬುದು ಮೋಗ್ಲಿಂಗರ ಶ್ರಮದ ಹಿಂದಿದ್ದ ತಿಳಿವಳಿಕೆ. ಅದಕ್ಕಾಗಿ ಅವರು ಹುಡುಗರನ್ನು ಒಟ್ಟುಗೂಡಿಸಿ ಅವರೊಡನೆಯೇ ಬಾಳತೊಡಗಿದರು. ದೇಶೀಯರ ಊಟ ಉಡುಗೆಗಳಿಗೂ ಒಗ್ಗಿಕೊಂಡರು. 1847ರಲ್ಲಿ ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ ನೆಲೆಗೊಂಡ ಸೆಮಿನರಿಯು ಈ ಆಸೆಯ ಮುಂದುವರಿಕೆ. ಅದೇ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎಂಬ ಹೆಸರನ್ನು ಪಡೆಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮಕ್ಕಳನ್ನು ನಾಯಕರನ್ನಾಗಿ ಮಾಡಹೊರಟ ಈ ಗುರುಗಳು ಮೊದಲು ತಾವು ಕನ್ನಡದ ವಿದ್ಯಾರ್ಥಿಗಳಾದರು. ಮೋಗ್ಲಿಂಗರು ಹಳೆಯ ತಾಳೆಗರಿಗಳನ್ನು ಸಂಗ್ರಹಿಸಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಈ ಸೇವೆಗಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳುವ ‘ಕಥಾಮಾಲೆ’ಯನ್ನು 1862ರಲ್ಲಿ ರಚಿಸಿದರು. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು. ಧರ್ಮಪ್ರಸಾರವೇ ಅವರೆಲ್ಲರ ಗುರಿಯಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಶಿಷ್ಯನ ಭಾಷೆಯನ್ನು ಕೀಳೆಂದು ಬಗೆದವನು ಆ ಶಿಷ್ಯನನ್ನು ಮುಂದಾಳನ್ನಾಗಿ ಮಾಡಲಾರನೆಂಬ ವಿವೇಕ ಅವರಲ್ಲಿತ್ತು.

ಮೋಗ್ಲಿಂಗರ ಶಿಷ್ಯರಲ್ಲಿ ಮೊದಲಿಗರಾಗಿ ನೆನೆಯಬೇಕಾದವರು ಆನಂದರಾವ್ ಕೌಂಡಿನ್ಯರು. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿ, ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಈ ತರುಣನು 1844ರ ಜನವರಿಯಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, ಗುರುವಿನ ಹೆಸರಾದ ಹರ್ಮನ್ ಎಂಬುದನ್ನೂ ತನ್ನ ಹೆಸರಿಗೆ ಸೇರಿಸಿಕೊಂಡನು. ಊರಿನಲ್ಲಿ ದೊಡ್ಡ ಕೋಲಾಹಲವೇ ನಡೆಯಿತು. 1846ರಲ್ಲಿ ಗುರುವಿನೊಡನೆ ಯೂರೋಪಿಗೆ ತೆರಳಿ ಬಾಸೆಲ್ಲಿನಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ತಾಯ್ನಾಡಿಗೆ ಮರಳಿದ ಕೌಂಡಿನ್ಯರು ಮಂಗಳೂರಿನ ಸೆಮಿನರಿಯಲ್ಲಿ ಉಪಾಧ್ಯಾಯರಾದರು. ಮುಂದೆ ಕೊಡಗಿನಲ್ಲಿ, ಅವರ ಹೆಸರನ್ನೇ ಹೊತ್ತ ಆನಂದಪುರದಲ್ಲಿ, ಭೂಮಿಯಿಲ್ಲದ ದುಡಿಮೆಗಾರ ಕುಟುಂಬಗಳ ನಡುವೆ ಸೇವೆ ಸಲ್ಲಿಸಿದರು. ಅಗ್ರಜಾತಿಯ ಯುವಕನೊಬ್ಬನು ಹೊಲೆಯರೆಂದು ದೂರವಿಡಲ್ಪಟ್ಟವರ ನಡುವೆ ಮನೆ ಮಾಡಿ ನಿಂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆದರೆ ಈ ಶಿಕ್ಷಣಕ್ಕೆ ತೆತ್ತ ಬೆಲೆಯನ್ನು ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಕೌಂಡಿನ್ಯರು ಹುಟ್ಟಿದ ಮನೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ಕೈಹಿಡಿದ ಮಡದಿ ಅವರ ಬಳಿಗೆ ಬರಲಿಲ್ಲ. 1860ರಲ್ಲಿ ಅವರು ಮರಿಯಾ ರೈನ್‌ಹಾರ್ಟ್ ಎಂಬ ಜರ್ಮನ್ ತರುಣಿಯನ್ನು ವರಿಸಿದರು. ಮಂಗಳೂರಿನ ಆ ಮೊದಲ ಮಡದಿಯ ಬಾಳು ಏನಾಗಿರಬಹುದೆಂದು, ಹೆಣ್ಣಾಗಿ ನಾನು ಯೋಚಿಸದೆ ಇರಲಾರೆ. ನಾಯಕರ ಚರಿತ್ರೆ ಬರೆಯುವವರು ಇಂಥವರಿಗೆ ಒಂದು ಸಾಲನ್ನೂ ಮೀಸಲಿಡುವುದು ಅಪರೂಪ.

ಗುರುಗಳ ಮಕ್ಕಳೂ ಬೆಲೆ ತೆತ್ತರು. ಬಾಸೆಲ್ ಮಿಷನ್ನಿನವರು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯೂರೋಪಿಗೆ ಕಳುಹಿಸುವ ಪದ್ಧತಿಯಿತ್ತು. ಇದಕ್ಕಾಗಿ 1853ರಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೇ ಸ್ಥಾಪಿತವಾಯಿತು. ಊರವರ ಮಕ್ಕಳಿಗೆ ತಂದೆತಾಯಿಗಳಂತಿದ್ದವರು ಸ್ವಂತ ಮಕ್ಕಳ ಮುಖವನ್ನು ವರ್ಷಗಟ್ಟಲೆ ಕಾಣುತ್ತಿರಲಿಲ್ಲ. ಮೋಗ್ಲಿಂಗರ ಮಿತ್ರ, ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟ್ ಮತ್ತು ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ ಅವರ ಪತ್ನಿ ಜೂಲಿಯವರ ಮಗಳು ಮರೀ, 1842ರಲ್ಲಿ ತಲಶ್ಶೇರಿಯಲ್ಲಿಯೇ ಹುಟ್ಟಿದರೂ ಬೆಳೆದದ್ದು ದೂರದ ಯೂರೋಪಿನಲ್ಲಿ. ಓದಿದ್ದು ಸ್ಟುಟ್‌ಗಾರ್ಟಿನ ಬಳಿಯ ಕೊರ್ನ್‌ಟಾಲ್‌ನ ವಸತಿಶಾಲೆಯಲ್ಲಿ. ತಂದೆತಾಯಿಗಳಿದ್ದ ಮಲಬಾರಿಗೆ ಆಕೆ ಮರಳಿದ್ದು 1857ರಲ್ಲಿ.

ಇದೇ ಮರೀ ಗುಂಡರ್ಟರ ಮಗ, ಕಾಲ್ವ್ ಪಟ್ಟಣದಲ್ಲಿ 1877ರಲ್ಲಿ ಜನಿಸಿದ ಹರ್ಮನ್ ಹೆಸ್ಸೆ. ಮಗನೂ ಪಾದ್ರಿಯಾಗಲೆಂದು 1891ರಲ್ಲಿ ಅವನನ್ನು ಮೌಲ್‌ಬ್ರೋನ್ ಮಠದ ಪ್ರಸಿದ್ಧ ಸೆಮಿನರಿಗೆ ಸೇರಿಸಿದರು. ಹದಿನಾಲ್ಕರ ಬಾಲಕ 1892ರ ಮಾರ್ಚಿನಲ್ಲಿ ಅಲ್ಲಿಂದ ಓಡಿಹೋದನು. ಒತ್ತಡದ ಶಿಕ್ಷಣವು ಸೂಕ್ಷ್ಮ ಮನಸ್ಸಿನ ಹುಡುಗನನ್ನು ಹೇಗೆ ಅರೆದುಹಾಕುತ್ತದೆಂಬುದನ್ನು ಮುಂದೆ ಆತ ತನ್ನ ಕಾದಂಬರಿಯೊಂದರಲ್ಲಿ ಚಿತ್ರಿಸಿದನು. 1946ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಒಂದೇ ಪರಂಪರೆ ಮಂಗಳೂರಿನ ತರುಣನನ್ನು ಅರಳಿಸಿತು, ಕಾಲ್ವಿನ ಬಾಲಕನನ್ನು ಓಡಿಸಿತು. ಕೌಂಡಿನ್ಯರ ದಾರಿ ಅವರೇ ಆರಿಸಿಕೊಂಡದ್ದು, ಹೆಸ್ಸೆಯದು ಅವನಿಗಾಗಿ ಇತರರು ಆರಿಸಿಟ್ಟದ್ದು. ಇದೇ ಮುಖ್ಯ ವ್ಯತ್ಯಾಸವೆಂದು ನನಗೆ ತೋರುತ್ತದೆ. ಮಗನೋ ಮಗಳೋ ಏನಾಗಬೇಕೆಂದು ತೊಟ್ಟಿಲಲ್ಲೇ ನಿಶ್ಚಯಿಸುವ ನಮಗೂ ಈ ಮಾತು ಸಲ್ಲುತ್ತದೆ.

ಯಾವುದೇ ಶಿಕ್ಷಣದ ನಿಜವಾದ ಪರೀಕ್ಷೆ ನಡೆಯುವುದು ಗುರುವಿಲ್ಲದ ದಿನ. ಬಾಸೆಲ್ ಮಿಷನ್ನಿನ ಪಾಲಿಗೆ ಆ ದಿನ 1914ರಲ್ಲಿ ಬಂದಿತು. ಮೊದಲನೆಯ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರಕಾರವು ಜರ್ಮನ್ ಪ್ರಜೆಗಳಾದ ಮಿಷನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿರಿಸಿ, ಮುಂದೆ ದೇಶದಿಂದ ಹೊರಗೆ ಕಳುಹಿಸಿತು. ಜಾತಿಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದವರಿಗೆ ಜೀವನೋಪಾಯವಾಗಿದ್ದ ನೇಯ್ಗೆಯ ಕಾರ್ಖಾನೆಗಳೂ, ಗಿಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವೂ ಮಿಷನ್ನಿನ ಕೈತಪ್ಪಿದವು. ಎಂಬತ್ತು ವರ್ಷಗಳಿಂದ ಹಿಡಿದಿದ್ದ ಕೈ ಒಮ್ಮೆಲೇ ಬಿಟ್ಟುಹೋದಾಗ ಸಭೆಗಳೂ ಶಾಲೆಗಳೂ ಚದುರಿಹೋಗಬಹುದಾಗಿತ್ತು. ಹಾಗಾಗಲಿಲ್ಲ, ಬಲ್ಮಠದಲ್ಲಿ ಕಲಿತ ಕನ್ನಡಿಗ ಉಪದೇಶಕರೂ ಉಪಾಧ್ಯಾಯರೂ ಅವಕ್ಕೆ ಹೆಗಲು ಕೊಟ್ಟರು.

ಆ ಪೀಳಿಗೆಯಲ್ಲಿ ನನ್ನ ಊರಿನವರೇ ಆದ ಉತ್ತಂಗಿ ಚನ್ನಪ್ಪನವರು ಎದ್ದು ಕಾಣುತ್ತಾರೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ ಶಾಲೆಯಲ್ಲಿಯೂ ಮಂಗಳೂರಿನ ಸೆಮಿನರಿಯಲ್ಲಿಯೂ ಓದಿದ ಅವರು, ಯುದ್ಧದ ಹೊತ್ತಿಗಾಗಲೇ ಉತ್ತರ ಕರ್ನಾಟಕದ ಸಭೆಗಳ ಸೇವೆಯಲ್ಲಿದ್ದರು. ಊರೂರು ತಿರುಗುತ್ತ ಜನರ ನಾಲಗೆಯ ಮೇಲಿದ್ದ ಹಾಗೂ ಹಳೆಯ ಕೈಬರಹಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಶರಣರ ಅನುಭವಮಂಟಪದ ಕುರಿತು ಸಂಶೋಧನೆ ನಡೆಸಿದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡ ಈ ಕ್ರೈಸ್ತ ಪಾದ್ರಿಯನ್ನು ನಾಡು 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ತಮ್ಮ ಶ್ರದ್ಧೆಯನ್ನು ಬಿಡದೆ, ಇತರರ ಶ್ರದ್ಧೆಯನ್ನು ಹೀಗಳೆಯದೆ, ಇಡೀ ನಾಡಿಗೆ ಬೇಕಾದವರಾದದ್ದು ಅವರ ಹಿರಿಮೆ. ಮಿಷನ್ನಿನ ಗುರುಗಳು ಬಯಸಿದ್ದಕ್ಕಿಂತ ದೊಡ್ಡ ನಾಯಕತ್ವವಿದು.

ಆ ಗುರುಗಳ ತವರಿನಲ್ಲಿ ಇಂದು ಪರಿಸ್ಥಿತಿ ಬದಲಾಗಿದೆ. ಚರ್ಚುಗಳ ಸದಸ್ಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಆದರೂ ಹಳೆಯ ವಿವೇಕ ಮಾಸಿಲ್ಲ. ನೆರೆಮನೆಯ ಹುಡುಗಿಯ ಕನ್ಫರ್ಮೇಷನ್ನಿಗೆ ಆಹ್ವಾನಿತಳಾಗಿ ಹೋದಾಗ, ಹಿಂದಿನ ವರ್ಷಗಳಲ್ಲಿ ಆ ಸಂಸ್ಕಾರ ಮುಗಿಸಿದ್ದ ಹದಿನಾರು ಹದಿನೇಳರ ಮಕ್ಕಳೇ ಕಿರಿಯರ ಶಿಬಿರವನ್ನು ನಡೆಸಿದವರೆಂದು ತಿಳಿಯಿತು. ಪಾದ್ರಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಹಾಡು, ಪ್ರಾರ್ಥನೆ, ಸ್ವಾಗತ ಎಲ್ಲವೂ ಆ ಮಕ್ಕಳ ಕೈಯಲ್ಲಿ. ಹದಿನಾರು ತುಂಬಿದ ಯುವಕ ಯುವತಿಯರು ತರಬೇತಿ ಪಡೆದು ‘ಯೂಲೈಕಾ’ ಎಂಬ ಯುವನಾಯಕರ ಗುರುತಿನ ಚೀಟಿಯನ್ನು ಪಡೆಯುವ ವ್ಯವಸ್ಥೆಯೂ 1999ರಿಂದ ಜರ್ಮನಿಯಾದ್ಯಂತ ಇದೆ. ಚರ್ಚಿನ ಬಳಗಗಳಂತೆಯೇ ಕ್ರೀಡಾಸಂಘಗಳೂ ಇತರ ಸಂಸ್ಥೆಗಳೂ ಅದನ್ನು ಬಳಸುತ್ತವೆ.

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳೇ, ನಮ್ಮ ಮಕ್ಕಳಿಗೂ ಶ್ರದ್ಧೆಯ ಬುನಾದಿ ಬೇಕು. ಅದು ಬಸವಣ್ಣನದಾಗಿರಲಿ, ಪುರಂದರದಾಸರದಾಗಿರಲಿ, ಮಹಾವೀರನದಾಗಿರಲಿ, ಯೇಸುವಿನದಾಗಿರಲಿ, ಅಲ್ಲಾಹನದಾಗಿರಲಿ, ಅವರ ಮನಸ್ಸಿಗೆ ತಾಗುವ ಭಾಷೆಯಲ್ಲಿ ದೊರೆಯಬೇಕು. ದೇವರನ್ನು ಕುರಿತು ಪ್ರಶ್ನೆ ಕೇಳಿದ ಮಗುವನ್ನು ಗದರದಿರೋಣ. ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ದಿನ ಮಕ್ಕಳಿಗೆ ಒಂದು ನೃತ್ಯವನ್ನು ಕಲಿಸಿ ವೇದಿಕೆಗೆ ಹತ್ತಿಸಿ ಇಳಿಸಿದರೆ ಸಾಲದು. ಸಭೆಯ ನಿರೂಪಣೆ, ಲೆಕ್ಕಪತ್ರ, ಕಿರಿಯರ ಕನ್ನಡ ಪಾಠ ಇವುಗಳಲ್ಲಿ ಒಂದನ್ನಾದರೂ ಈ ವರ್ಷವೇ ಅವರಿಗೆ ಒಪ್ಪಿಸಿ, ನಾವು ಹಿಂದಿನ ಸಾಲಿನಲ್ಲಿ ಕೂರೋಣ. ಅವರ ಕನ್ನಡ ಅಲ್ಲಲ್ಲಿ ತೊದಲಬಹುದು. ಬಲ್ಮಠದಲ್ಲಿ ಮೋಗ್ಲಿಂಗರ ಕನ್ನಡವೂ ಮೊದಲಿಗೆ ತೊದಲಿಯೇ ಇರಬೇಕು.